ಲ್ಯಾಪ್‌ಟಾಪ್ ಗುಜರಿಗಿರಲಿ, ಡಿಸ್ಕ್ ಮನೆಯಲ್ಲಿರಲಿ

ಹಳೆಯ ಲ್ಯಾಪ್‌ಟಾಪ್ ಆನ್ ಆಗುವುದಿಲ್ಲ. ಮದರ್‌ಬೋರ್ಡ್ ಹೋಗಿದೆ, ರಿಪೇರಿ ಗಿಟ್ಟುವುದಿಲ್ಲ ಎಂದು ಅಂಗಡಿಯವರು ಕೈಚೆಲ್ಲುತ್ತಾರೆ. ಅಲ್ಲಿಗೆ ಅದರ ಕಥೆ ಮುಗಿಯಿತೆಂದು ಎಷ್ಟೋ ಮನೆಗಳಲ್ಲಿ ಅದನ್ನು ಗುಜರಿಗೆ ಹಾಕಿಬಿಡುತ್ತಾರೆ. ಮಗುವಿನ ನಾಮಕರಣದ ಫೋಟೊಗಳು, ಜಮೀನಿನ ಕಾಗದಪತ್ರಗಳ ಸ್ಕ್ಯಾನ್, ಬರೆದಿಟ್ಟ ಲೇಖನಗಳು ಎಲ್ಲವೂ ಅದರ ಜತೆಗೇ ಹೋಗುತ್ತವೆ.

ಹಾಗೆ ಆಗಬೇಕಿಲ್ಲ. ಕಡತಗಳೆಲ್ಲ ಇರುವುದು ಡಿಸ್ಕ್‌ನಲ್ಲಿ. ಮದರ್‌ಬೋರ್ಡ್, ಪರದೆ, ಕೀಬೋರ್ಡ್ ಕೆಟ್ಟರೂ ಬಹಳಷ್ಟು ಸಲ ಡಿಸ್ಕ್‌ಗೆ ಏನೂ ಆಗಿರುವುದಿಲ್ಲ. ಅದನ್ನು ಹೊರತೆಗೆದು ಎನ್‌ಕ್ಲೋಶರ್ ಎಂಬ ಪುಟ್ಟ ಪೆಟ್ಟಿಗೆಯಲ್ಲಿ ಕೂರಿಸಿ, ಯುಎಸ್‌ಬಿ ಕೇಬಲ್ ಮೂಲಕ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರೆ ಸಾಕು. ಡಿಸ್ಕ್‌ನ ಭಾಷೆಯೇ ಬೇರೆ, ಯುಎಸ್‌ಬಿಯ ಭಾಷೆಯೇ ಬೇರೆ. ಪೆಟ್ಟಿಗೆಯೊಳಗಿನ ಬ್ರಿಜ್ ಚಿಪ್ ಎರಡರ ನಡುವೆ ದುಭಾಷಿಯ ಕೆಲಸ ಮಾಡುತ್ತದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ‘ಹಾರ್ಡ್‌ಡಿಸ್ಕ್ ಕೇಸಿಂಗ್’ ಎಂದು ಕೇಳಿದರೂ ಇದನ್ನೇ ಕೊಡುತ್ತಾರೆ.

ಯಾವ ಡಿಸ್ಕ್‌ಗೆ ಯಾವ ಪೆಟ್ಟಿಗೆ?

ಮೊದಲು ಡಿಸ್ಕ್ ಬಿಚ್ಚಿ ನೋಡಿ, ಆಮೇಲೆ ಕೊಳ್ಳಿ. ಬಿಚ್ಚುವ ಮುನ್ನ ಚಾರ್ಜರ್ ಕಿತ್ತು, ಬ್ಯಾಟರಿಯ ಸಂಪರ್ಕ ತಪ್ಪಿಸಬೇಕು.

ಲ್ಯಾಪ್‌ಟಾಪ್‌ನ ಹಾರ್ಡ್‌ಡಿಸ್ಕ್ ಸಾಮಾನ್ಯವಾಗಿ 2.5 ಇಂಚಿನ ಸಾಟಾ ಮಾದರಿಯದು. ದಪ್ಪ 7 ಅಥವಾ 9.5 ಮಿ.ಮೀ. ಕೆಲವು ಪೆಟ್ಟಿಗೆಗಳಲ್ಲಿ ದಪ್ಪನೆಯದು ಕೂರುವುದಿಲ್ಲ, ಅಳೆದುಕೊಂಡೇ ಹೋಗಿ. ಸಾಟಾ ಬರುವುದಕ್ಕೆ ಮೊದಲಿನ ಐಡಿಇ ಡಿಸ್ಕ್‌ಗೆ ಸೂಜಿಯಂಥ ಪಿನ್‌ಗಳ ಎರಡು ಸಾಲು ಇರುತ್ತವೆ. ಅದಕ್ಕೆ ಪೆಟ್ಟಿಗೆಯೂ ಬೇರೆ. ಡೆಸ್ಕ್‌ಟಾಪ್‌ನ 3.5 ಇಂಚಿನ ಡಿಸ್ಕ್ ತಿರುಗಲು 12 ವೋಲ್ಟ್ ಬೇಕು, ಸಾಮಾನ್ಯ ಯುಎಸ್‌ಬಿ ಪೋರ್ಟ್ ಕೊಡುವುದು 5 ವೋಲ್ಟ್ ಮಾತ್ರ. ಹಾಗಾಗಿ ಪ್ರತ್ಯೇಕ ಪವರ್ ಅಡಾಪ್ಟರ್ ಇರುವ ಪೆಟ್ಟಿಗೆಯನ್ನೇ ತೆಗೆದುಕೊಳ್ಳಬೇಕು.

ಈಚಿನ ಲ್ಯಾಪ್‌ಟಾಪ್‌ಗಳಲ್ಲಿರುವುದು ಚೂಯಿಂಗ್ ಗಮ್ ಅಳತೆಯ ಎಂ.2 ಎಸ್‌ಎಸ್‌ಡಿ. ಇದರಲ್ಲಿ ಸಾಟಾ, ಎನ್‌ವಿಎಂಇ ಎಂದು ಎರಡು ಬಗೆ. ಒಂದರ ಪೆಟ್ಟಿಗೆಯಲ್ಲಿ ಇನ್ನೊಂದು ಕೆಲಸ ಮಾಡುವುದಿಲ್ಲ, ಎರಡಕ್ಕೂ ಹೊಂದುವ ಪೆಟ್ಟಿಗೆಗಳೂ ಸಿಗುತ್ತವೆ. ಎಸ್‌ಎಸ್‌ಡಿ ಮೇಲಿನ ಲೇಬಲ್ ಓದಿದರೆ ಬಗೆ ತಿಳಿಯುತ್ತದೆ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಸಂಗ್ರಹದ ಚಿಪ್ ಮದರ್‌ಬೋರ್ಡ್‌ಗೇ ಬೆಸುಗೆಯಾಗಿರುತ್ತದೆ, ಅಲ್ಲಿ ಈ ದಾರಿ ಇಲ್ಲ.

ವೇಗವನ್ನೂ ನೋಡಿ. ಯುಎಸ್‌ಬಿ 2.0 ಗರಿಷ್ಠ ಮಿತಿ ಸೆಕೆಂಡಿಗೆ 480 ಮೆಗಾಬಿಟ್, 3.0ದ್ದು 5 ಗಿಗಾಬಿಟ್. ವರ್ಷಗಟ್ಟಲೆಯ ಫೋಟೊ, ವಿಡಿಯೊ ನಕಲು ಮಾಡುವಾಗ ಈ ಅಂತರ ಚೆನ್ನಾಗಿ ಗೊತ್ತಾಗುತ್ತದೆ.

ಜೋಡಿಸಿದ ಮೇಲೆ

ಡಿಸ್ಕ್ ಫಾರ್ಮ್ಯಾಟ್ ಮಾಡಬೇಕೇ ಎಂದು ವಿಂಡೋಸ್ ಕೇಳಿದರೆ ಒಪ್ಪಲೇಬೇಡಿ. ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಬಳಸಿದ ಡಿಸ್ಕ್ ಕಂಡಾಗಲೂ ಅದು ಹಾಗೆ ಕೇಳುವುದುಂಟು. ಡಿಸ್ಕ್‌ಗೆ ವಿಂಡೋಸ್‌ನ ಬಿಟ್‌ಲಾಕರ್ ಬೀಗವಿದ್ದರೆ 48 ಅಂಕಿಗಳ ರಿಕವರಿ ಕೀ ಬೇಕಾಗಬಹುದು. ಲ್ಯಾಪ್‌ಟಾಪ್ ಸರಿಯಿರುವಾಗಲೇ ಅದನ್ನು ಬರೆದಿಟ್ಟುಕೊಳ್ಳಿ. ಹಾರ್ಡ್‌ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ತಕ್ಷಣ ಕೇಬಲ್ ಕಿತ್ತು ದತ್ತಾಂಶ ಮರಳಿ ಪಡೆಯುವ ತಜ್ಞರಿಗೆ ಒಪ್ಪಿಸಿ, ಮತ್ತೆ ಮತ್ತೆ ಓಡಿಸಿದರೆ ಹಾನಿ ಹೆಚ್ಚುತ್ತದೆ.

ಕನ್ನಡದ ಹಳೆಯ ಕಡತಗಳನ್ನು ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡರೆ ಗಾಬರಿ ಬೇಡ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದಿರಬಹುದು. ಆ ಫಾಂಟ್ ಹಾಕಿಕೊಂಡರೆ ಬರಹ ಮತ್ತೆ ಓದಲು ಸಿಗುತ್ತದೆ. ಯೂನಿಕೋಡ್‌ಗೆ ಬದಲಿಸಿಟ್ಟರೆ ಮುಂದೆ ಈ ತೊಂದರೆಯೇ ಇಲ್ಲ.

ಡಿಸ್ಕ್ ತೆಗೆದಿಟ್ಟುಕೊಳ್ಳಲು ಇನ್ನೊಂದು ಕಾರಣವೂ ಇದೆ. ಅಳಿಸಿದ ಕಡತಗಳು, ಕ್ವಿಕ್ ಫಾರ್ಮ್ಯಾಟ್ ಮಾಡಿದ ಹಾರ್ಡ್‌ಡಿಸ್ಕ್‌ನ ಕಡತಗಳು ಕೂಡ ಎಷ್ಟೋ ಸಲ ಮತ್ತೆ ಸಿಗುತ್ತವೆ. ಆಧಾರ್, ಬ್ಯಾಂಕ್ ಪಾಸ್‌ಬುಕ್‌ಗಳ ಪ್ರತಿ ಇರುವ ಡಿಸ್ಕ್ ಅಪರಿಚಿತರ ಕೈಸೇರಬಾರದು.

ಮನೆಯ ಮೂಲೆಯಲ್ಲಿ ಕೆಟ್ಟ ಲ್ಯಾಪ್‌ಟಾಪ್ ಇದ್ದರೆ ಈ ವಾರವೇ ಡಿಸ್ಕ್ ಬಿಚ್ಚಿಸಿ, ಬೇಕಾದ್ದನ್ನು ಎರಡು ಕಡೆ ನಕಲು ಮಾಡಿಟ್ಟುಕೊಳ್ಳಿ. ಉಳಿದದ್ದನ್ನು ಅಧಿಕೃತ ಇ-ತ್ಯಾಜ್ಯ ಸಂಗ್ರಹಣೆಗೆ ಕೊಡಿ.