ಸೊಂಟದ ಒರೆ: ಚಿಕ್ಕ ಪಿಸ್ತೂಲಿಗೆ ನೈಲಾನ್ ಹೋಲ್ಸ್ಟರ್ ಆರಿಸುವ ಮುನ್ನ

ಒರೆಯಿಲ್ಲದ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆಯುವ ಅವಿವೇಕಿ ಯಾರೂ ಇರಲಾರನು. ಆದರೆ ಪರವಾನಗಿ ಪಡೆದು ಪಿಸ್ತೂಲನ್ನೋ ರಿವಾಲ್ವರನ್ನೋ ಕೊಂಡವರಲ್ಲಿ ಅನೇಕರು ಆಯುಧಕ್ಕೆ ದೊಡ್ಡ ಮೊತ್ತ ತೆತ್ತು, ಅದರ ಒರೆಯಾದ ಹೋಲ್ಸ್ಟರಿನ ವಿಷಯಕ್ಕೆ ಬಂದಾಗ ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದನ್ನೇ ತಂದುಬಿಡುತ್ತಾರೆ. ಆಯುಧವು ದಿನವಿಡೀ ಇರುವುದು ಒರೆಯಲ್ಲಿಯೇ. ಆಕಸ್ಮಿಕವಾಗಿ ಗುಂಡು ಹಾರುವ ಅಪಾಯವೂ ಅದನ್ನು ಒರೆಗೆ ಸೇರಿಸುವಾಗ ಮತ್ತು ಹೊರತೆಗೆಯುವಾಗಲೇ ಹೆಚ್ಚು. ಆದುದರಿಂದ ಒರೆಯ ಆಯ್ಕೆಯು ಅಲಂಕಾರದ ಮಾತಲ್ಲ. ಧರಿಸಿದವನ ಮತ್ತು ಅವನ ಮನೆಮಂದಿಯ ಜೀವದ ಮಾತು.

ಹೊಸೂರು, ಕೃಷ್ಣಗಿರಿ ಸೀಮೆಯಲ್ಲಿ ಇಂತಹ ಆಯುಧವುಳ್ಳ ಮನೆಗಳು ಹೆಚ್ಚಿಲ್ಲ. ಊರಿನಿಂದ ದೂರದ ತೋಟದ ಮನೆಯವರು, ಚಿನ್ನ ಮತ್ತು ನಗದಿನ ವ್ಯವಹಾರದವರು, ಸೇನೆಯಿಂದ ನಿವೃತ್ತರಾಗಿ ಕಾವಲಿನ ಉದ್ಯೋಗ ಹಿಡಿದವರು, ಹೀಗೆ ಕೆಲವರು ಮಾತ್ರ. 2021ರ ಜನವರಿಯಲ್ಲಿ ಹೊಸೂರಿನ ಬಾಗಲೂರು ರಸ್ತೆಯ ಚಿನ್ನದ ಸಾಲದ ಸಂಸ್ಥೆಯೊಂದಕ್ಕೆ ಹಾಡಹಗಲೇ ನುಗ್ಗಿದ ತಂಡವೊಂದು ಪಿಸ್ತೂಲು ತೋರಿಸಿ ಸುಮಾರು 25 ಕಿಲೋ ಚಿನ್ನವನ್ನು ದೋಚಿತು. ತಂಡದವರು ಮರುದಿನವೇ ಹೈದರಾಬಾದಿನ ಬಳಿ ಸೆರೆಸಿಕ್ಕರು. ಇಂತಹ ಘಟನೆಗಳು ನಡೆದಾಗಲೆಲ್ಲ ಆತ್ಮರಕ್ಷಣೆಯ ಆಯುಧದ ಮಾತು ಏಳುವುದು ಸಹಜ. ಆದರೆ ಆಯುಧವನ್ನು ಕೊಳ್ಳುವುದಕ್ಕಿಂತ ಅದನ್ನು ಅಪಾಯವಿಲ್ಲದಂತೆ ಇಟ್ಟುಕೊಳ್ಳುವುದು ಕಷ್ಟವೆಂಬುದು ಆ ಮಾತುಗಳ ನಡುವೆ ಮರೆತುಹೋಗುತ್ತದೆ.

ಮೊದಲು ಕಾನೂನು

ನಮ್ಮ ದೇಶದಲ್ಲಿ ಬಂದೂಕುಗಳ ವಿಷಯವನ್ನು 1959ರ ಆಯುಧ ಅಧಿನಿಯಮವೂ 2016ರ ಆಯುಧ ನಿಯಮಗಳೂ ನಿಯಂತ್ರಿಸುತ್ತವೆ. ಪರವಾನಗಿಯಿಲ್ಲದ ಆಯುಧಕ್ಕೆ ಎಂತಹ ಒರೆಯನ್ನು ತೊಡಿಸಿದರೂ ಅದು ಅಪರಾಧವೇ. ಅಂಚೆಟ್ಟಿ, ದೆಂಕಣಿಕೋಟೆಯ ಬೆಟ್ಟದ ಊರುಗಳಲ್ಲಿ ಅಂತಹ ನಾಡಬಂದೂಕುಗಳನ್ನು ತಂದೊಪ್ಪಿಸುವಂತೆ ಪೊಲೀಸರು ಕರೆ ಕೊಡುತ್ತ ಬಂದಿರುವುದು ಈ ಕಾರಣದಿಂದಲೇ.

ಪರವಾನಗಿ ಇದ್ದವರೂ ಅದರಲ್ಲಿ ಅಚ್ಚಾಗಿರುವ ಷರತ್ತುಗಳನ್ನು ಓದತಕ್ಕದ್ದು. ಜಿಲ್ಲಾ ದಂಡಾಧಿಕಾರಿಯವರ ವಿಶೇಷ ಅನುಮತಿಯಿಲ್ಲದೆ ಆಯುಧವನ್ನು ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಸಾರ್ವಜನಿಕ ಸಭೆಗೆ ಅಥವಾ ವಿದ್ಯಾಸಂಸ್ಥೆಯ ಆವರಣಕ್ಕೆ ಒಯ್ಯುವಂತಿಲ್ಲ. ಎಂದರೆ ಚಂದ್ರಚೂಡೇಶ್ವರನ ತೇರಿಗೆ ಹೋಗುವಾಗಲೂ ಮಕ್ಕಳ ಶಾಲೆಯ ಪಾಲಕರ ಸಭೆಗೆ ಬರುವಾಗಲೂ ಹೋಲ್ಸ್ಟರು ಸೊಂಟದಲ್ಲಿರಕೂಡದು. ಗಡಿಯೂರಿನವರು ನೋಡಬೇಕಾದ ಇನ್ನೊಂದು ಸಂಗತಿಯಿದೆ. ಪರವಾನಗಿಯು ಎಷ್ಟು ಪ್ರದೇಶಕ್ಕೆ ಅನ್ವಯಿಸುತ್ತದೆಯೆಂಬುದು ಅದರಲ್ಲಿಯೇ ನಮೂದಾಗಿರುತ್ತದೆ. ತಮಿಳುನಾಡಿಗೆ ಮಾತ್ರ ಸೀಮಿತವಾದ ಪರವಾನಗಿಯನ್ನು ನಂಬಿ ಜೂಜುವಾಡಿ ದಾಟಿ ಅತ್ತಿಬೆಲೆಗೆ ಕಾಲಿಟ್ಟರೆ, ಆ ಕೆಲವೇ ನಿಮಿಷಗಳ ಪಯಣದಲ್ಲಿ ಕಾನೂನನ್ನು ಮೀರಿದಂತಾಗುತ್ತದೆ.

ಒರೆಯ ನಾಲ್ಕು ಕರ್ತವ್ಯಗಳು

ಹೋಲ್ಸ್ಟರು ಯಾವ ಬಟ್ಟೆಯದೇ ಆಗಲಿ, ಅದು ನೆರವೇರಿಸಬೇಕಾದ ಕರ್ತವ್ಯಗಳು ನಾಲ್ಕು. ಮೊದಲನೆಯದು, ಟ್ರಿಗರನ್ನೂ ಅದರ ಸುತ್ತಲಿನ ಬಳೆಯನ್ನೂ ಸಂಪೂರ್ಣವಾಗಿ ಮುಚ್ಚುವುದು. ಬೆರಳಾಗಲಿ, ಅಂಗಿಯ ಚುಂಗಾಗಲಿ, ಜರ್ಕಿನ್ನಿನ ದಾರವಾಗಲಿ ಒಳಗೆ ತೂರಲು ಎಡೆಯಿರಕೂಡದು. ಎರಡನೆಯದು, ಓಡಿದರೂ ಬಾಗಿದರೂ ಬಿದ್ದರೂ ಆಯುಧ ಜಾರದಂತೆ ಹಿಡಿದಿಡುವುದು. ಮೂರನೆಯದು, ಆಯುಧವನ್ನು ಹೊರತೆಗೆದ ಮೇಲೂ ಒರೆಯ ಬಾಯಿ ಮುದುಡದೆ ತೆರೆದೇ ಇರುವುದು. ನಾಲ್ಕನೆಯದು, ಸೊಂಟದ ಮೇಲೆ ಅತ್ತಿತ್ತ ಸರಿಯದೆ ಒಂದೇ ಜಾಗದಲ್ಲಿ ನಿಲ್ಲುವುದು.

ಇವುಗಳಲ್ಲಿ ಮೂರನೆಯದನ್ನು ಕೊಳ್ಳುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅಗ್ಗದ ಮೆತ್ತನೆಯ ಒರೆಯು ಖಾಲಿಯಾದೊಡನೆ ಕುಸಿಯುತ್ತದೆ. ಆಗ ಒಂದು ಕೈಯಿಂದ ಬಾಯನ್ನು ಅಗಲಿಸಿ ಇನ್ನೊಂದು ಕೈಯಿಂದ ಆಯುಧವನ್ನು ತುರುಕಬೇಕಾಗುತ್ತದೆ. ನಳಿಕೆಯು ತನ್ನ ಅಂಗೈಯತ್ತಲೇ ತಿರುಗುತ್ತದೆ. ಮುದುಡಿದ ಅಂಚೇ ಟ್ರಿಗರಿನ ಬಳೆಯೊಳಗೆ ಮಡಿಚಿಕೊಂಡು ಅದನ್ನು ಒತ್ತಿಬಿಡುವುದೂ ಉಂಟು.

ತೊಗಲೋ ನೈಲಾನೋ

ತೊಗಲಿನ ಕೆಲಸಕ್ಕೆ ಹೆಸರಾದ ವಾಣಿಯಂಬಾಡಿ, ಆಂಬೂರುಗಳು ಕೃಷ್ಣಗಿರಿಯಿಂದ ಚೆನ್ನೈ ಹೆದ್ದಾರಿಯಲ್ಲೇ ಸಿಗುತ್ತವೆ. ಒಳ್ಳೆಯ ತೊಗಲಿನ ಒರೆಯು ಆಯುಧದ ಆಕಾರಕ್ಕೆ ಒಗ್ಗಿಕೊಂಡು ವರ್ಷಗಟ್ಟಲೆ ಬಾಳುತ್ತದೆ. ಆದರೆ ಅದು ಬೆವರನ್ನೂ ಮಳೆನೀರನ್ನೂ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಹದಮಾಡಲು ಬಳಸಿದ ಲವಣಗಳೂ ಸೇರಿದರೆ ಉಕ್ಕಿಗೆ ತುಕ್ಕು ಹತ್ತುತ್ತದೆ. ನೈಲಾನು ಕೊಳೆಯುವುದಿಲ್ಲ, ಹಗುರ, ತೊಳೆಯಬಹುದು, ಬೆಲೆಯೂ ಕಡಿಮೆ. ಸೆಕೆಯಲ್ಲಿ ಮೋಟಾರ್ ಸೈಕಲ್ಲಿನ ಮೇಲೆ ತಿರುಗುವವರಿಗೆ ಅದು ಒಗ್ಗುವ ವಸ್ತು.

ನೈಲಾನೆಂದರೆ ಎಲ್ಲವೂ ಒಂದೇ ಅಲ್ಲ. ನೂಲಿನ ದಪ್ಪವನ್ನು ಡೆನಿಯರ್ ಎಂಬ ಮಾನದಿಂದ ಅಳೆಯುತ್ತಾರೆ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುವುದೋ ಅದು ಅಷ್ಟು ಡೆನಿಯರ್. 1,000 ಡೆನಿಯರಿನ ನೂಲು ಒಂಬತ್ತು ಕಿಲೋಮೀಟರಿಗೆ ಒಂದು ಕಿಲೋ ತೂಗುತ್ತದೆ. ಒರೆಗೆ 1,000 ಡೆನಿಯರಿನ ಆಸುಪಾಸಿನ ಒತ್ತು ನೇಯ್ಗೆ ಒಳ್ಳೆಯದು. ಶಾಲೆಯ ಚೀಲಗಳ ಪಾಲಿಯೆಸ್ಟರ್ ಬಟ್ಟೆಯನ್ನೂ ಡೆನಿಯರಿನಲ್ಲೇ ಅಳೆಯುತ್ತಾರೆ. ಆದುದರಿಂದ ಅಂಕಿಯನ್ನಷ್ಟೇ ನೋಡದೆ ನೂಲು ಯಾವುದೆಂದೂ ಕೇಳತಕ್ಕದ್ದು. ಉಜ್ಜಾಟವನ್ನು ತಾಳುವುದರಲ್ಲಿ ನೈಲಾನು ಮುಂದು.

ಶಾಲೆಯ ಚೀಲದಿಂದ ಕಲಿಯಬಹುದಾದ ಮತ್ತೊಂದು ಪಾಠವಿದೆ. ಚೀಲದ ಬಟ್ಟೆ ಹರಿಯುವುದಕ್ಕೆ ಮೊದಲು ಹೆಗಲಪಟ್ಟಿಯ ಬುಡದ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಒರೆಯಲ್ಲಿಯೂ ಹಾಗೆಯೇ. ಬೆಲ್ಟು ತೂರುವ ಕುಣಿಕೆಯ ಬುಡದಲ್ಲಿ, ಬಾಯಿಯ ಎರಡು ತುದಿಗಳಲ್ಲಿ, ಹಿಡಿಪಟ್ಟಿಯ ಬುಡದಲ್ಲಿ ಒತ್ತೊತ್ತಾಗಿ ಹಿಂದುಮುಂದು ಹಾಕಿದ ಗಟ್ಟಿ ಹೊಲಿಗೆ ಇರಬೇಕು. ಬಟ್ಟೆಯ ಅಂಚುಗಳಿಗೆ ಪಟ್ಟಿ ಕಟ್ಟಿರಬೇಕು. ಎಳೆಗಳು ಈಗಲೇ ಇಣುಕುತ್ತಿದ್ದರೆ ಅದನ್ನು ಅಲ್ಲಿಯೇ ಬಿಡುವುದು ಲೇಸು. ಒಳ್ಳೆಯ ಒರೆಯು ಮೂರು ಪದರದ್ದು: ಹೊರಗೆ ಒರಟು ನೈಲಾನು, ನಡುವೆ ಮೆತ್ತೆ, ಒಳಗೆ ನುಣುಪಾದ ಬಟ್ಟೆ. ಬಾಯಿಯ ಸುತ್ತ ಗಡುಸಾದ ಪ್ಲಾಸ್ಟಿಕ್ ಪಟ್ಟಿಯನ್ನು ಸೇರಿಸಿದ್ದರೆ ಮೇಲೆ ಹೇಳಿದ ಕುಸಿತದ ದೋಷ ಬಹುಮಟ್ಟಿಗೆ ನೀಗುತ್ತದೆ.

ಅಳತೆ, ಬೆಲ್ಟು, ಪಟ್ಟಿ

‘ಎಲ್ಲ ಪಿಸ್ತೂಲಿಗೂ ಆಗುತ್ತದೆ’ ಎಂದು ಮಾರುವ ಒರೆಯು ಯಾವುದಕ್ಕೂ ಸರಿಯಾಗಿ ಆಗುವುದಿಲ್ಲ. ಪಿಸ್ತೂಲು ಚಪ್ಪಟೆ, ರಿವಾಲ್ವರಿಗೆ ಗುಂಡು ತುಂಬುವ ಉರುಳೆಯಿರುವುದರಿಂದ ನಡುಭಾಗ ಉಬ್ಬಿರುತ್ತದೆ. ಒಂದರ ಒರೆ ಇನ್ನೊಂದಕ್ಕೆ ಸಲ್ಲದು. ನಳಿಕೆಯ ಉದ್ದವನ್ನೂ ಆಯುಧದ ಮಾದರಿಯನ್ನೂ ಹೇಳಿಯೇ ಕೊಳ್ಳಬೇಕು.

ಬೆಲ್ಟು ಒರೆಯ ಅರ್ಧಭಾಗವೆಂದರೂ ಸಲ್ಲುತ್ತದೆ. ಕಾನ್ಪುರದ ಫೀಲ್ಡ್ ಗನ್ ಕಾರ್ಖಾನೆಯು 2014ರಲ್ಲಿ ಹೊರತಂದ ‘ನಿರ್ಭೀಕ್’ ಎಂಬ 0.32 ಬೋರಿನ ಹಗುರ ರಿವಾಲ್ವರೇ ಸುಮಾರು ಅರ್ಧ ಕಿಲೋ ತೂಗುತ್ತದೆ. ಪ್ಯಾಂಟಿನ ತೆಳುವಾದ ಸಾದಾ ಬೆಲ್ಟು ಈ ಭಾರಕ್ಕೆ ತಿರುಚಿಕೊಂಡು ಒರೆಯನ್ನು ಹೊರಕ್ಕೆ ವಾಲಿಸುತ್ತದೆ. ಸುಮಾರು ಒಂದೂವರೆ ಅಂಗುಲ ಅಗಲದ ಗಡುಸು ಬೆಲ್ಟು ಇರಬೇಕು. ಒರೆಯ ಕುಣಿಕೆಯು ಅದಕ್ಕೆ ಬಿಗಿಯಾಗಿ ಕೂರಬೇಕು. ಕುಣಿಕೆ ಸಡಿಲವಾದರೆ ಆಯುಧದೊಡನೆ ಒರೆಯೂ ಮೇಲೆದ್ದು ಬರುತ್ತದೆ. ಬರಿಯ ಕ್ಲಿಪ್ಪಿನಿಂದ ಸಿಕ್ಕಿಸುವ ಒರೆಗಿಂತ ಬೆಲ್ಟು ತೂರಿಸುವ ಒರೆಯೇ ನಂಬಿಕೆಗೆ ಅರ್ಹ.

ಆಯುಧ ಜಾರದಂತೆ ಮೇಲೆ ಹಾಯುವ ಪಟ್ಟಿಗೆ ಟಿಚ್ ಬಟನ್ನೋ ವೆಲ್ಕ್ರೋ ಅಂಟುಪಟ್ಟಿಯೋ ಇರುತ್ತದೆ. ವೆಲ್ಕ್ರೋದ ಕೊಕ್ಕೆಗಳಲ್ಲಿ ಧೂಳೂ ನೂಲೂ ಸೇರಿ ಹಿಡಿತ ಕುಗ್ಗುತ್ತದೆ. ಲೋಹದ ಟಿಚ್ ಬಟನ್ ಹೆಚ್ಚು ಕಾಲ ಬಾಳುತ್ತದೆ. ಯಾವುದಿದ್ದರೂ ಬಿಚ್ಚಿದ ಪಟ್ಟಿಯು ಟ್ರಿಗರಿನತ್ತ ಜೋತುಬೀಳದಷ್ಟು ಗಿಡ್ಡವಾಗಿರಬೇಕು.

ಪರೀಕ್ಷೆ ಮತ್ತು ಪೋಷಣೆ

ಹೊಸ ಒರೆಯನ್ನು ಪರವಾನಗಿ ಪಡೆದ ಆಯುಧದಂಗಡಿಯಲ್ಲಿ, ತಿಳಿದವರ ಎದುರಿನಲ್ಲಿ, ಗುಂಡು ತೆಗೆದ ಆಯುಧದಿಂದಲೇ ಪರೀಕ್ಷಿಸತಕ್ಕದ್ದು. ಗುಂಡಿಲ್ಲವೆಂಬುದನ್ನು ಇಬ್ಬರು ಕಣ್ಣಾರೆ ನೋಡಿರಬೇಕು. ಪಿಸ್ತೂಲಾದರೆ ಮ್ಯಾಗಜೀನನ್ನು ಕಳಚಿದರೆ ಸಾಲದು. ನಳಿಕೆಯ ಬುಡದಲ್ಲಿ ಒಂದು ಗುಂಡು ಉಳಿದಿರಬಹುದು. ಬಳಿಕ ಒರೆಯನ್ನು ಪಟ್ಟಿ ಹಾಕಿ ಮೆತ್ತನೆಯ ಹಾಸಿನ ಮೇಲೆ ತಲೆಕೆಳಗಾಗಿ ಹಿಡಿದು ಕೊಡವಬೇಕು, ಆಯುಧ ಬೀಳಕೂಡದು. ಬೆಲ್ಟಿಗೆ ಹಾಕಿಕೊಂಡು ಕುಳಿತು, ಬಾಗಿ, ಗಾಡಿಯ ಮೇಲೆ ಕುಳಿತಂತೆ ಕಾಲಗಲಿಸಿ ನೋಡಬೇಕು. ಹೊರಗಿನಿಂದ ಬೆರಳಿನಿಂದ ಒತ್ತಿದಾಗ ಟ್ರಿಗರು ಅಲುಗಿದಂತೆ ತೋರಿದರೆ ಆ ಒರೆ ಬೇಡ.

ಮಾಸಿದ ನೈಲಾನನ್ನು ಸೌಮ್ಯ ಸಾಬೂನಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿನ ಕಿರಣಗಳಿಗೆ ನೈಲಾನಿನ ಎಳೆಗಳು ಕ್ರಮೇಣ ಸೋಲುತ್ತವೆ. ಬಿಸಿ ಇಸ್ತ್ರಿಗೆ ಕರಗುತ್ತವೆ. ನಡುವಿನ ಮೆತ್ತೆಯೂ ಬೆವರು ಹಿಡಿಯುವುದರಿಂದ ರಾತ್ರಿಯಿಡೀ ಆಯುಧವನ್ನು ಒರೆಯಲ್ಲಿಯೇ ಬಿಡುವುದು ತರವಲ್ಲ. ತಿಂಗಳಿಗೊಮ್ಮೆ ಹೊಲಿಗೆ, ಬಟನ್, ಬಾಯಿಯ ಗಡುಸು ಇವುಗಳನ್ನು ನೋಡಬೇಕು. ಬಾಯಿ ಮೆತ್ತಗಾದ ದಿನವೇ ಆ ಒರೆಯ ಆಯುಸ್ಸು ಮುಗಿಯಿತೆಂದು ತಿಳಿದು ಬದಲಿಸಬೇಕು. ಬಟ್ಟೆ ಹರಿಯುವವರೆಗೆ ಕಾಯುವುದು ಉಳಿತಾಯವಲ್ಲ.

ಮನೆಗೆ ಬಂದ ಮೇಲೆ

ಬೆಲ್ಟಿನ ಸಮೇತ ಒರೆಯನ್ನು ಗೂಟಕ್ಕೆ ತೂಗುಹಾಕುವ ಅಥವಾ ದಿಂಬಿನಡಿ ಇಡುವ ರೂಢಿ ಎಲ್ಲಕ್ಕಿಂತ ಅಪಾಯಕರ. ಹೋಲ್ಸ್ಟರಿಗೆ ಬೀಗವಿಲ್ಲ. ದೊಡ್ಡವರ ಹೆಬ್ಬೆರಳಿಗೆ ಬಿಚ್ಚುವ ಬಟನ್ ಎಂಟು ವರ್ಷದ ಮಗುವಿನ ಬೆರಳಿಗೂ ಬಿಚ್ಚುತ್ತದೆ. ಸೊಂಟದಿಂದ ಇಳಿದ ಕೂಡಲೇ ಗುಂಡು ತೆಗೆದು, ಆಯುಧವನ್ನು ಒಂದು ಬೀಗದೊಳಗೂ ಗುಂಡುಗಳನ್ನು ಮತ್ತೊಂದು ಬೀಗದೊಳಗೂ ಇಡಬೇಕು. ಬೀಗದ ಕೈ ಮಕ್ಕಳಿಗೆ ತಿಳಿದ ಜಾಗದಲ್ಲಿರಕೂಡದು. ಮಕ್ಕಳಿಗೂ ಮುಚ್ಚುಮರೆಯಿಲ್ಲದೆ ಹೇಳಿಕೊಡಬೇಕಾದುದು ಇಷ್ಟೇ: ಎಲ್ಲಿಯಾದರೂ, ಗೆಳೆಯರ ಮನೆಯಲ್ಲಾದರೂ, ಬಂದೂಕು ಕಣ್ಣಿಗೆ ಬಿದ್ದರೆ ಮುಟ್ಟಬಾರದು, ಅಲ್ಲಿಂದ ದೂರ ಸರಿಯಬೇಕು, ಕೂಡಲೇ ಹಿರಿಯರಿಗೆ ಹೇಳಬೇಕು.

ಗಟ್ಟಿಯಾದ ಒರೆಯು ಹೊರಗಿರುವಷ್ಟು ಹೊತ್ತು ಆಯುಧವನ್ನು ಕಾಯುತ್ತದೆ. ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ ಆ ಹೊಣೆ ಬೀಗದ್ದು ಮತ್ತು ಮನೆಯ ಹಿರಿಯರದು. ಇಷ್ಟು ಕಟ್ಟುನಿಟ್ಟನ್ನು ದಿನವೂ ನಡೆಸಲಾಗದೆಂದು ತೋರಿದವರು ಒರೆಯನ್ನು ಆರಿಸುವ ಮುನ್ನ ಆಯುಧವೇ ಬೇಕೇ ಎಂಬುದನ್ನು ಮನೆಯವರೊಡನೆ ಕುಳಿತು ಇನ್ನೊಮ್ಮೆ ಯೋಚಿಸುವುದು ಒಳಿತು.