ಕಾಫಿ ಡೇ ಪ್ರಕರಣ: ಕಂಪೆನಿಯ ಹಣ ಯಾರದ್ದು?

ಮಡಿಕೇರಿ: ಕೊಡವ ಒಕ್ಕದಲ್ಲಿ ಪಟ್ಟೆದಾರನ ಸ್ಥಾನ ದೊಡ್ಡದು. ಜಮ್ಮಾ ಭೂಮಿಯ ದಾಖಲೆಯಲ್ಲಿ ಮೊದಲ ಹೆಸರು ಅವನದು, ಕಂದಾಯ ಕಟ್ಟುವ ಹೊಣೆಯೂ ಅವನದೇ. ಆದರೆ ಆಸ್ತಿ ಅವನದಲ್ಲ, ಒಕ್ಕದ್ದು. ಪಟ್ಟೆದಾರ ತನ್ನ ಸ್ವಂತ ಸಾಲ ತೀರಿಸಲು ಒಕ್ಕದ ಹಣಕ್ಕೆ ಕೈಹಾಕಿದರೆ ಏನಾಗುತ್ತದೆಂಬುದನ್ನು ಇಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪೆನಿಯ ಅಧ್ಯಕ್ಷನ ಸ್ಥಾನವೂ ಹೆಚ್ಚುಕಡಿಮೆ ಇಂಥದ್ದೇ. ಈ ಸರಳ ವ್ಯತ್ಯಾಸ ಮರೆತಾಗ ಏನಾಗಬಹುದು ಎಂಬುದಕ್ಕೆ ಕರ್ನಾಟಕದ ಕಾಫಿ ನಾಡಿನಲ್ಲೇ ದೊಡ್ಡ ನಿದರ್ಶನವಿದೆ. ಅದು ಕಾಫಿ ಡೇ ಪ್ರಕರಣ.

ಚಿಕ್ಕಮಗಳೂರು ಜಿಲ್ಲೆಯ ಬೆಳೆಗಾರ ಕುಟುಂಬದಲ್ಲಿ ಜನಿಸಿದ ವಿ.ಜಿ. ಸಿದ್ಧಾರ್ಥ ಮೊದಲು ಪಳಗಿದ್ದು ಷೇರು ವಹಿವಾಟಿನಲ್ಲಿ. ಮುಂಬೈಯಲ್ಲಿ ಕೆಲಸ ಕಲಿತು ಬೆಂಗಳೂರಿಗೆ ಮರಳಿದ ಅವರು, 1990ರ ದಶಕದ ಆರಂಭದಲ್ಲಿ ಕಾಫಿ ರಫ್ತಿಗೆ ಇಳಿದರು. ಅದಕ್ಕೆ ಕಾಲವೂ ಕೂಡಿಬಂದಿತ್ತು. ಅಲ್ಲಿಯವರೆಗೆ ಬೆಳೆಗಾರ ತನ್ನ ಫಸಲನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಿ, ಕಂತುಕಂತಾಗಿ ಬರುವ ಹಣಕ್ಕೆ ಕಾಯಬೇಕಿತ್ತು. ಈ ಕಟ್ಟುಪಾಡು ಹಂತಹಂತವಾಗಿ ಸಡಿಲಗೊಂಡು, ಬೆಳೆಗಾರ ತನಗಿಷ್ಟ ಬಂದವರಿಗೆ ಕಾಫಿ ಮಾರುವಂತಾಯಿತು. ಕೊಡಗಿನ ಹಳೆಯ ಬೆಳೆಗಾರರು ಇಂದಿಗೂ ಆ ದಿನಗಳನ್ನು ನೆನೆಯುವುದುಂಟು. ಇದೇ ಬದಲಾವಣೆಯ ಬೆನ್ನೇರಿ ಬೆಳೆದದ್ದು ಸಿದ್ಧಾರ್ಥ ಅವರ ಅಮಾಲ್ಗಮೇಟೆಡ್ ಬೀನ್ ಕಾಫಿ ಟ್ರೇಡಿಂಗ್ ಕಂಪೆನಿ. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆಯಿತು. ತೋಟದಿಂದ ಬಟ್ಟಲಿನವರೆಗೆ ಒಂದೇ ಸಂಸ್ಥೆ ಎಂಬ ಕಲ್ಪನೆ ಆಗ ಹೊಸದು.

ಕಾಫಿಯ ಜೊತೆಗೆ ತಂತ್ರಜ್ಞಾನ ಪಾರ್ಕ್, ಸರಕು ಸಾಗಣೆ, ಷೇರು ದಲ್ಲಾಳಿ ಸಂಸ್ಥೆ, ಹೋಟೆಲು, ಮೈಂಡ್‌ಟ್ರೀಯಲ್ಲಿ ಹೂಡಿಕೆ ಹೀಗೆ ಸಮೂಹ ವಿಸ್ತರಿಸುತ್ತಾ ಹೋಯಿತು. 2015ರ ಅಕ್ಟೋಬರ್‌ನಲ್ಲಿ ಕಾಫಿ ಡೇ ಎಂಟರ್‌ಪ್ರೈಸಸ್ ಸಾರ್ವಜನಿಕರಿಗೆ ಷೇರು ನೀಡಿ 1,150 ಕೋಟಿ ರೂ. ಸಂಗ್ರಹಿಸಿತು. ಒಂದು ಷೇರಿಗೆ 328 ರೂ. ಕೊಟ್ಟವರಲ್ಲಿ ಸಣ್ಣ ಹೂಡಿಕೆದಾರರೂ ಇದ್ದರು. ಅಂದಿನಿಂದ ಕಂಪೆನಿ ಕುಟುಂಬದ ಸ್ವತ್ತಾಗಿ ಉಳಿಯಲಿಲ್ಲ.

ಆದರೆ ಸಾಲ ಬೆಳೆಯುತ್ತಲೇ ಇತ್ತು. 2019ರ ಮಧ್ಯಭಾಗದ ವೇಳೆಗೆ ಪ್ರವರ್ತಕರ ಷೇರುಗಳ ಪೈಕಿ ಮುಕ್ಕಾಲು ಪಾಲು ಸಾಲಗಾರರ ಬಳಿ ಒತ್ತೆಯಲ್ಲಿದ್ದವು. ಒತ್ತೆ ಷೇರಿನ ಸ್ವಭಾವ ವಿಚಿತ್ರವಾದುದು. ಪೇಟೆಯಲ್ಲಿ ಬೆಲೆ ಕುಸಿದಂತೆ ಸಾಲ ಕೊಟ್ಟವರು ಇನ್ನಷ್ಟು ಷೇರು ಅಥವಾ ನಗದು ಕೇಳುತ್ತಾರೆ; ಕೊಡದಿದ್ದರೆ ಇರುವುದನ್ನು ಮಾರುತ್ತಾರೆ; ಮಾರಿದರೆ ಬೆಲೆ ಮತ್ತೂ ಕುಸಿಯುತ್ತದೆ. 2019ರ ಮಾರ್ಚ್‌ನಲ್ಲಿ ಮೈಂಡ್‌ಟ್ರೀಯ ಪಾಲನ್ನು ಎಲ್ ಅಂಡ್ ಟಿಗೆ ಸುಮಾರು 3,200 ಕೋಟಿ ರೂ.ಗೆ ಮಾರಿದರೂ ಒತ್ತಡ ತಗ್ಗಲಿಲ್ಲ.

ಅದೇ ವರ್ಷದ ಜುಲೈ 29ರ ಸಂಜೆ ಮಂಗಳೂರು ಬಳಿಯ ನೇತ್ರಾವತಿ ಸೇತುವೆಯಿಂದ ಸಿದ್ಧಾರ್ಥ ನಾಪತ್ತೆಯಾದರು. 31ರಂದು ಮೃತದೇಹ ದೊರೆಯಿತು. ಅವರದೆನ್ನಲಾದ ಪತ್ರದಲ್ಲಿ ಹೂಡಿಕೆದಾರರ ಹಾಗೂ ಸಾಲಗಾರರ ಒತ್ತಡ ಮತ್ತು ಆದಾಯ ತೆರಿಗೆ ಅಧಿಕಾರಿಯಿಂದ ಕಿರುಕುಳದ ಆರೋಪ ಇದ್ದವು. ತೆರಿಗೆ ಇಲಾಖೆ ಆ ಆರೋಪವನ್ನು ನಿರಾಕರಿಸಿತು. ನಾಡಿನ ಚರ್ಚೆಯೆಲ್ಲ ಆಗ ಸುತ್ತಿದ್ದು ಈ ಆರೋಪದ ಸುತ್ತಲೇ. ಅದೇ ಪತ್ರದಲ್ಲಿದ್ದ ಇನ್ನೊಂದು ಮಾತು ಅಷ್ಟಾಗಿ ಗಮನ ಸೆಳೆಯಲಿಲ್ಲ: ತಮ್ಮ ಹಣಕಾಸು ವ್ಯವಹಾರಗಳು ಲೆಕ್ಕಪರಿಶೋಧಕರಿಗೂ ಹಿರಿಯ ಅಧಿಕಾರಿಗಳಿಗೂ ತಿಳಿದಿರಲಿಲ್ಲ ಎಂಬ ಮಾತು. ಪ್ರಕರಣದ ತಿರುಳು ಇರುವುದು ಅಲ್ಲಿಯೇ.

ಹಣ ಹರಿದ ದಾರಿ

ಸಿ.ಬಿ.ಐ.ನ ನಿವೃತ್ತ ಡಿಐಜಿ ಅಶೋಕ್ ಕುಮಾರ್ ಮಲ್ಹೋತ್ರಾ ಅವರನ್ನು ಕಂಪೆನಿಯ ಆಡಳಿತ ಮಂಡಳಿ ತನಿಖೆಗೆ ನೇಮಿಸಿತು. 2020ರ ಜುಲೈನಲ್ಲಿ ವರದಿ ಬಹಿರಂಗವಾಯಿತು. ಅದರ ಪ್ರಕಾರ, ಕಾಫಿ ಡೇ ಅಂಗಸಂಸ್ಥೆಗಳಿಗೆ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್, ಸಂಕ್ಷಿಪ್ತವಾಗಿ ಮ್ಯಾಸೆಲ್, ಎಂಬ ಸಂಸ್ಥೆಯಿಂದ 3,535 ಕೋಟಿ ರೂ. ಬರಬೇಕಿತ್ತು. 2019ರ ಮಾರ್ಚ್ 31ರ ಲೆಕ್ಕದಲ್ಲಿ ಕಾಣಿಸಿದ್ದ ಬಾಕಿ 842 ಕೋಟಿ ಮಾತ್ರ. ಉಳಿದ 2,693 ಕೋಟಿ ಅನಂತರ ಏರಿದ್ದು. ಮ್ಯಾಸೆಲ್ ಕಾಫಿ ಡೇಯ ಅಂಗಸಂಸ್ಥೆಯಲ್ಲ. ಅದು ಸಿದ್ಧಾರ್ಥ ಅವರ ಕುಟುಂಬದ ಖಾಸಗಿ ಕಂಪೆನಿ. ಅಲ್ಲಿಗೆ ಹೋದ ಹಣ ಖಾಸಗಿ ಹೂಡಿಕೆದಾರರಿಂದ ಷೇರು ಮರುಖರೀದಿಗೆ, ಸಾಲ ಹಾಗೂ ಬಡ್ಡಿ ತೀರಿಸಲು ಬಳಕೆಯಾಗಿರಬಹುದೆಂದು ವರದಿ ಹೇಳಿತು.

ಷೇರುಪೇಟೆ ನಿಯಂತ್ರಕ ಸೆಬಿ 2023ರ ಜನವರಿ 24ರಂದು ಕಾಫಿ ಡೇ ಎಂಟರ್‌ಪ್ರೈಸಸ್‌ಗೆ 26 ಕೋಟಿ ರೂ. ದಂಡ ವಿಧಿಸಿತು. ಏಳು ಅಂಗಸಂಸ್ಥೆಗಳ ಹಣ ಮ್ಯಾಸೆಲ್‌ಗೆ ತಿರುಗಿಸಲ್ಪಟ್ಟಿದೆ ಎಂಬುದು ಸೆಬಿಯ ತೀರ್ಮಾನ. ಬಡ್ಡಿ ಸಹಿತ ಬಾಕಿ ವಸೂಲಿಗೆ ಕ್ರಮ ಕೈಗೊಳ್ಳುವಂತೆಯೂ ಅದು ಸೂಚಿಸಿತು. 2022ರ ಸೆಪ್ಟೆಂಬರ್‌ವರೆಗೆ ಮರಳಿ ಬಂದಿದ್ದು ಸುಮಾರು 110 ಕೋಟಿ ಮಾತ್ರ. ಪತ್ರದ ಮಾತು ಏನೇ ಇದ್ದರೂ, ದಂಡ ಬಿದ್ದದ್ದು ಕಂಪೆನಿಗೆ. ಅಂದರೆ ಪರೋಕ್ಷವಾಗಿ ಹಣ ಕಳೆದುಕೊಂಡ ಷೇರುದಾರರಿಗೇ ಎಂಬುದು ವಿಪರ್ಯಾಸ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. ಮಾಲೀಕರಿಗೆ ಸಂಬಂಧಿಸಿದ ಇನ್ನೊಂದು ಸಂಸ್ಥೆಯೊಡನೆ ಕಂಪೆನಿ ವ್ಯವಹರಿಸುವುದೇ ಅಪರಾಧವಲ್ಲ. ಕಾನೂನು ಕೇಳುವುದು ಮೂರು ಸಂಗತಿ: ನಿರ್ದೇಶಕ ಮಂಡಳಿಯ ಲೆಕ್ಕಪರಿಶೋಧನಾ ಸಮಿತಿ ಮುಂಚಿತವಾಗಿ ಒಪ್ಪಬೇಕು, ಮೊತ್ತ ದೊಡ್ಡದಾದರೆ ಷೇರುದಾರರ ಮತ ಬೇಕು, ಎಲ್ಲವೂ ಬಹಿರಂಗವಾಗಬೇಕು. 2008ರ ಡಿಸೆಂಬರ್‌ನಲ್ಲಿ ಹೈದರಾಬಾದಿನ ಸತ್ಯಂ ಕಂಪೆನಿ ತನ್ನ ಅಧ್ಯಕ್ಷರ ಕುಟುಂಬದ ಮೇಟಾಸ್ ಸಂಸ್ಥೆಗಳನ್ನು ಕೊಳ್ಳಲು ಹೊರಟು, ಹೂಡಿಕೆದಾರರ ಪ್ರತಿಭಟನೆಯಿಂದ ಹಿಂದೆ ಸರಿದದ್ದು, ಕೆಲವೇ ವಾರಗಳಲ್ಲಿ ಲೆಕ್ಕದ ವಂಚನೆ ಬಯಲಾದದ್ದು ಓದುಗರಿಗೆ ನೆನಪಿರಬಹುದು. 2013ರ ಕಂಪೆನಿ ಕಾಯಿದೆ ಈ ನಿಯಮಗಳನ್ನು ಬಿಗಿಗೊಳಿಸಿತು. ಆದರೂ ಕಾಫಿ ಡೇಯಲ್ಲಿ ಹಣ ಹೊರಟಿತು. ನಿಯಮ ಪುಸ್ತಕದಲ್ಲಿತ್ತು, ಸಂಸ್ಥಾಪಕರನ್ನು ಕೇಳುವ ಧೈರ್ಯ ಸಂಸ್ಥೆಯೊಳಗೆ ಇರಲಿಲ್ಲ ಎನ್ನದೆ ವಿಧಿಯಿಲ್ಲ.

ಪೊಲ್ಲಿಬೆಟ್ಟದ ಉದಾಹರಣೆ

ಹೋಲಿಕೆಗೆ ದೂರ ಹೋಗಬೇಕಾಗಿಲ್ಲ. ಪೊಲ್ಲಿಬೆಟ್ಟದಲ್ಲಿ ಬೇರುಬಿಟ್ಟ ಕನ್ಸಾಲಿಡೇಟೆಡ್ ಕಾಫಿ ಮುಂದೆ ಟಾಟಾ ಕಾಫಿಯಾಯಿತು. 2022ರ ಮಾರ್ಚ್‌ನಲ್ಲಿ ಅದನ್ನು ಮಾತೃಸಂಸ್ಥೆ ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್‌ನಲ್ಲಿ ವಿಲೀನಗೊಳಿಸುವ ಯೋಜನೆ ಪ್ರಕಟವಾಯಿತು. ಕೊಳ್ಳುವವರೂ ಪ್ರವರ್ತಕರೂ ಒಬ್ಬರೇ. ಸಂಬಂಧಿತರ ವ್ಯವಹಾರಕ್ಕೆ ಇದಕ್ಕಿಂತ ನೇರ ಉದಾಹರಣೆ ಬೇಡ. ಸಣ್ಣ ಷೇರುದಾರನಿಗೆ ಅನ್ಯಾಯವಾಗುವ ಅವಕಾಶವೂ ಇತ್ತು. ಆದರೆ ಟಾಟಾ ಕಾಫಿಯ 10 ಷೇರಿಗೆ ಒಟ್ಟಾರೆ ಮಾತೃಸಂಸ್ಥೆಯ 3 ಷೇರು ಎಂಬ ಪ್ರಮಾಣ ಮೊದಲ ದಿನವೇ ಬಹಿರಂಗವಾಯಿತು. ಷೇರುದಾರರ ಮತ, ಕಂಪೆನಿ ಕಾನೂನು ನ್ಯಾಯಮಂಡಳಿಯ ಒಪ್ಪಿಗೆ ಎಲ್ಲ ಮುಗಿದು 2024ರ ಜನವರಿ 1ರಂದು ವಿಲೀನ ಜಾರಿಗೆ ಬಂತು. ಒಂದೂಮುಕ್ಕಾಲು ವರ್ಷ ಹಿಡಿಯಿತು. ಪ್ರಮಾಣ ನ್ಯಾಯವೋ ಅಲ್ಲವೋ ಎಂದು ವಾದಿಸಬಹುದು. ವಾದಿಸಲು ಬೇಕಾದ ಅಂಕಿಗಳು ಮೇಜಿನ ಮೇಲಿದ್ದವು ಎಂಬುದಷ್ಟೇ ಇಲ್ಲಿ ಮುಖ್ಯ. ಟಾಟಾ ಕಾಫಿ ಎಂಬ ಪ್ರತ್ಯೇಕ ಕಂಪೆನಿ ಷೇರುಪೇಟೆಯ ಪಟ್ಟಿಯಿಂದ ಮರೆಯಾದದ್ದು ಕೊಡಗಿನ ಅನೇಕರಿಗೆ ಬೇಸರ ತಂದಿರಲೂಬಹುದು. ಅದು ಬೇರೆ ಮಾತು.

ಕಾಫಿ ಡೇಯಲ್ಲಿ ಸಿದ್ಧಾರ್ಥ ಅವರ ನಂತರ ರಾಜ್ಯದ ನಿವೃತ್ತ ಮುಖ್ಯ ಕಾರ್ಯದರ್ಶಿ ಎಸ್.ವಿ. ರಂಗನಾಥ್ ಹಂಗಾಮಿ ಅಧ್ಯಕ್ಷರಾದರು. 2020ರ ಡಿಸೆಂಬರ್‌ನಲ್ಲಿ ಪತ್ನಿ ಮಾಳವಿಕಾ ಹೆಗ್ಡೆ ಮುಖ್ಯ ಕಾರ್ಯನಿರ್ವಹಣಾಧಿಕಾರಿ ಸ್ಥಾನ ವಹಿಸಿಕೊಂಡರು. ಬೆಂಗಳೂರಿನ ಗ್ಲೋಬಲ್ ವಿಲೇಜ್ ತಂತ್ರಜ್ಞಾನ ಪಾರ್ಕ್ ಸೇರಿದಂತೆ ಆಸ್ತಿಗಳನ್ನು ಮಾರಿ, ನಷ್ಟದ ಮಳಿಗೆಗಳನ್ನು ಮುಚ್ಚಿ, 2019ರಲ್ಲಿ ಏಳು ಸಾವಿರ ಕೋಟಿ ದಾಟಿದ್ದ ಸಾಲವನ್ನು ಎರಡು ವರ್ಷಗಳಲ್ಲಿ ಎರಡು ಸಾವಿರ ಕೋಟಿಗಿಂತ ಕೆಳಕ್ಕೆ ಇಳಿಸಲಾಯಿತು. ಕಾಫಿ ಮಾರಿ ಬಂದ ಲಾಭದಿಂದಲ್ಲ, ಬಹುಮಟ್ಟಿಗೆ ಆಸ್ತಿ ಮಾರಿ. ಆದರೂ ಕೆಫೆಗಳು ಉಳಿದವು, ಸಾವಿರಾರು ನೌಕರರ ಅನ್ನ ಉಳಿಯಿತು.

ಸಾಲಗಾರರು ಸುಮ್ಮನಿರಲಿಲ್ಲ. 228 ಕೋಟಿ ರೂ. ಬಾಕಿಗಾಗಿ ಐಡಿಬಿಐ ಟ್ರಸ್ಟಿಶಿಪ್ ಸಲ್ಲಿಸಿದ ಅರ್ಜಿಯ ಮೇಲೆ 2024ರ ಆಗಸ್ಟ್‌ನಲ್ಲಿ ಕಂಪೆನಿಯ ವಿರುದ್ಧ ದಿವಾಳಿ ಪ್ರಕ್ರಿಯೆಗೆ ಆದೇಶವಾಯಿತು. ಕೆಲವೇ ದಿನಗಳಲ್ಲಿ ಮೇಲ್ಮನವಿ ನ್ಯಾಯಮಂಡಳಿ ತಡೆ ನೀಡಿತು. ವಿವಾದ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಏರಿತು. 2025ರ ಫೆಬ್ರುವರಿಯಲ್ಲಿ ಚೆನ್ನೈನ ಮೇಲ್ಮನವಿ ನ್ಯಾಯಮಂಡಳಿ ಆ ಆದೇಶವನ್ನು ರದ್ದುಪಡಿಸಿತು.