ಹಳ್ಳದ ಏಡಿ, ಮಗುವಿನ ಕೆಮ್ಮು

ಮಳೆ ಹಿಡೀತು ಅಂದ್ರೆ ಪುಣೆ ಪಕ್ಕದ ಮುಳಶಿ, ಮಾವಳದ ಹಳ್ಳಗಳಲ್ಲಿ ಏಡಿ ಹಿಡಿಯೋ ಸಂಭ್ರಮ. ನಮ್ಮ ಮಲೆನಾಡಲ್ಲೂ ಅಷ್ಟೇ. ಖಾರ ಅರೆದು ಹಾಕಿ ಚೆನ್ನಾಗಿ ಕುದಿಸಿದ ಏಡಿ ಸಾರು ಧಾರಾಳವಾಗಿ ಉಣ್ಣಿ. ಭಯ ಇರೋದು ಮಕ್ಕಳು ಹಳ್ಳದ ದಂಡೇಲೇ ಕೆಂಡದ ಮೇಲಿಟ್ಟು, ಚಿಪ್ಪಿನ ಬಣ್ಣ ತಿರುಗಿದ ಕೂಡಲೇ ಕಾಲು ಮುರಿದು ಚೀಪ್ತಾರಲ್ಲ, ಆ ಏಡಿಯದ್ದು. ಒಳಗಿನ ಮಾಂಸ ಇನ್ನೂ ಹಸಿಯಾಗೇ ಇರಬಹುದು.

ಆ ಹಸಿ ಮಾಂಸದಲ್ಲಿ ಪ್ಯಾರಾಗೋನಿಮಸ್ ಅನ್ನೋ ಹುಳುವಿನ ಮರಿ ಅಡಗಿರಬಹುದು. ಹೊಟ್ಟೆಗೆ ಹೋದ ಮರಿ ಕರುಳಿನ ಗೋಡೆ ಕೊರೆದು, ಎದೆ-ಹೊಟ್ಟೆ ನಡುವಿನ ಪರದೆ (ವಪೆ) ದಾಟಿ, ಶ್ವಾಸಕೋಶ ಸೇರುತ್ತೆ. ಅಲ್ಲೇ ಬೆಳೆದು ಮೊಟ್ಟೆ ಇಡುತ್ತೆ. 1870ರ ದಶಕದಲ್ಲಿ ಆಮ್‌ಸ್ಟರ್‌ಡ್ಯಾಂ ಮೃಗಾಲಯದಲ್ಲಿ ಸತ್ತ ಹುಲಿಯ ಶ್ವಾಸಕೋಶದಲ್ಲೂ ಸಿಕ್ಕಿದ್ದು ಇದೇ ಕುಲದ ಹುಳು.

ಹುಳು ಹೀಗೆ ಶ್ವಾಸಕೋಶ ಸೇರಿದ್ರೆ ಮಗುವಿಗೆ ವಾರಗಟ್ಟಲೆ ಕೆಮ್ಮು, ಎದೆನೋವು, ತುಕ್ಕಿನ ಬಣ್ಣದ ಕಫ. ಎಲ್ಲರಿಗೂ ಥಟ್ಟನೆ ಹೊಳೆಯೋದು ಟಿಬಿ. ಎಕ್ಸ್‌ರೇ ಕೂಡ ಹಾಗೇ ಕಾಣಬಹುದು. ಮಣಿಪುರ, ನಾಗಾಲ್ಯಾಂಡ್, ಅರುಣಾಚಲದಲ್ಲಿ ಟಿಬಿ ಅಂದ್ಕೊಂಡು ಮಾತ್ರೆ ನುಂಗಿದ ಎಷ್ಟೋ ಜನರಿಗೆ ಇದ್ದದ್ದು ಈ ಹುಳು. ದೇಶದಲ್ಲಿ ಹೆಚ್ಚು ಪ್ರಕರಣ ಕಂಡಿರೋದೂ ಅಲ್ಲೇ. ಹಾಗಾಗಿ ಪುಣೆಯವರು ಗಾಬರಿ ಬೀಳಬೇಕಿಲ್ಲ. ಆದ್ರೂ ಇಂಥ ಕೆಮ್ಮು ಬಂದ್ರೆ ಟಿಬಿ ಪರೀಕ್ಷೆ ಮಾಡಿಸಲೇಬೇಕು. ಅದರ ಜೊತೆಗೆ, "ಡಾಕ್ಟ್ರೇ, ಮಗು ಹಳ್ಳದ ಏಡಿ ಸುಟ್ಕೊಂಡು ತಿಂದಿತ್ತು" ಅಂತ ಹೇಳಿಬಿಡಿ. ಈ ಒಂದು ಮಾತು ತುಂಬಾ ಮುಖ್ಯ.

ಆಗ ಅವರು ರಕ್ತದಲ್ಲಿ ಇಯೊಸಿನೊಫಿಲ್ ಅನ್ನೋ ಬಿಳಿ ರಕ್ತಕಣ ಏರಿದೆಯಾ ನೋಡ್ತಾರೆ, ಕಫದಲ್ಲಿ ಮೊಟ್ಟೆ ಹುಡುಕ್ತಾರೆ. ಚಿಕ್ಕ ಮಕ್ಕಳು ಕಫ ಉಗುಳದೆ ನುಂಗಿಬಿಡ್ತಾರೆ, ಅದಕ್ಕೇ ಮಲ ಪರೀಕ್ಷೆಯೂ ಬೇಕಾಗುತ್ತೆ. ಹುಳು ಖಚಿತವಾದ್ರೆ ಪ್ರಾಜಿಕ್ವಾಂಟೆಲ್ ಮಾತ್ರೆ, ತೂಕಕ್ಕೆ ತಕ್ಕಂತೆ, ಸಾಮಾನ್ಯವಾಗಿ 2-3 ದಿನ.